ಒಂದೇ ಉದ್ದದ ಎರಡು ಕೇಬಲ್

ಕಳೆದ ತಿಂಗಳು ಕೋಟೇಶ್ವರದಲ್ಲಿ ಒಂದು ಮದುವೆ. ಊಟಕ್ಕೆ ಕೂತು ಎಲೆಗೆ ನೀರು ಚಿಮುಕಿಸುತ್ತಿದ್ದಾಗ ಸಾರಿನ ಪರಿಮಳದ ನಡುವೆ ಇನ್ನೊಂದು ವಾಸನೆ ಬಂತು. ಕೇಬಲ್ ಮೇಲಿನ ಪ್ಲಾಸ್ಟಿಕ್ ಕಾದಾಗ ಬರುವ ವಾಸನೆ. ಮೂವತ್ತು ವರ್ಷ ಎಲೆಕ್ಟ್ರಿಕಲ್ ಕಂಟ್ರಾಕ್ಟರುಗಳ ಕೈಕೆಳಗೆ ಸೂಪರ್‌ವೈಸರ್ ಆಗಿದ್ದವನ ಮೂಗು ನೋಡಿ, ಪಾಯಸಕ್ಕಿಂತ ಮೊದಲು ಇಂಥದ್ದನ್ನೇ ಹಿಡಿಯುತ್ತದೆ. ಎಲೆ ಬಿಟ್ಟು ಎದ್ದೆ. ಹೆಂಡತಿ ನನ್ನ ಪರಿಚಯವೇ ಇಲ್ಲದವಳಂತೆ ಉಪ್ಪಿನಕಾಯಿ ನೋಡುತ್ತ ಕೂತಳು.

ಛತ್ರದ ಹಿಂಬದಿಯ ಪ್ಯಾನೆಲ್ ಕೋಣೆಗೆ ಹೊರಗಿನ ಟ್ರಾನ್ಸ್‌ಫಾರ್ಮರಿನಿಂದ ಎರಡು ದಪ್ಪ ಕೇಬಲ್ ಬಂದಿದ್ದವು. ಒಂದು ಗೋಡೆ ತೂರಿ ನೇರವಾಗಿ ಬಂದಿತ್ತು, ಇನ್ನೊಂದು ಕಟ್ಟಡವನ್ನೆಲ್ಲ ಸುತ್ತಿಕೊಂಡು. ನೇರ ಬಂದದ್ದರ ಹತ್ತಿರ ಅಂಗೈ ಒಡ್ಡಿದರೆ ಕಾವು ಹೊಡೆಯುತ್ತಿತ್ತು. ಇಷ್ಟು ದಿನ ಏನೂ ಆಗಿಲ್ಲವಲ್ಲ ಎಂದ ಮ್ಯಾನೇಜರ್. ಎ.ಸಿ.ಗಳನ್ನೆಲ್ಲ ಆರಿಸುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ನೆಂಟರು ಆಮಂತ್ರಣ ಪತ್ರಿಕೆಯಲ್ಲಿ ಗಾಳಿ ಹಾಕಿಕೊಳ್ಳುತ್ತ ನನ್ನನ್ನು ಬೈದರು. ನನ್ನ ಸಿಟ್ಟು ಅವರ ಮೇಲಿರಲಿಲ್ಲ. ಪೂರ್ತಿ ಆ ಮ್ಯಾನೇಜರ್ ಮೇಲೂ ಇರಲಿಲ್ಲ.

ನಿಮಗೆ ಶೀನಣ್ಣನ ವಿಷಯ ಹೇಳಬೇಕು.

ಬಸ್ರೂರಿನ ಶೀನಣ್ಣ ನಾನು ಮೊದಲು ಕೆಲಸಕ್ಕೆ ಸೇರಿದ ಕಂಟ್ರಾಕ್ಟರನ ಹಿರಿಯ ವೈರ್‌ಮನ್, ದಾಖಲೆಯಲ್ಲಿ ಶೀನಪ್ಪ. ನಾನು ಡಿಪ್ಲೊಮಾ ಮುಗಿಸಿ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದಾಗ ಅವನಿಗೆ ನಲವತ್ತು ದಾಟಿತ್ತು. ಲೆಕ್ಕ ನಾನು ಬರೆಯುತ್ತಿದ್ದೆ, ಅದು ತಪ್ಪಿದ್ದರೆ ಅವನು ಕೆಮ್ಮುತ್ತಿದ್ದ. ಅವನ ಆ ಕೆಮ್ಮಿನಿಂದ ನಾನು ಕಲಿತಷ್ಟು ಪುಸ್ತಕದಿಂದ ಕಲಿತಿಲ್ಲ.

ನಾನು ಸೇರಿ ಒಂದೆರಡು ವರ್ಷಕ್ಕೆ ಕಿರಿಮಂಜೇಶ್ವರದ ಕಡೆ ಮೀನಿಗೆ ಮಂಜುಗಡ್ಡೆ ಮಾಡುವ ಒಂದು ಐಸ್ ಪ್ಲಾಂಟಿನ ಕೆಲಸ ಸಿಕ್ಕಿತು. ಟ್ರಾನ್ಸ್‌ಫಾರ್ಮರ್ ಅಂಗಳದ ಮೂಲೆಯಲ್ಲಿ, ಪ್ಯಾನೆಲ್ ಒಳಗೆ. ಒಂದೇ ಕೇಬಲ್ ಅಷ್ಟು ಕರೆಂಟ್ ಹೊರಲಾರದು, ಆದ್ದರಿಂದ ಎರಡು ಹಾಕಿ ಭಾರ ಹಂಚಬೇಕು. ಹಂಚಿಕೆ ಸಮನಾಗಬೇಕಾದರೆ ಎರಡೂ ಒಂದೇ ಜಾತಿ, ಒಂದೇ ದಪ್ಪ, ಒಂದೇ ಉದ್ದ ಇರಬೇಕು. ಅಂಗಳದ ಬಾವಿಯನ್ನು ಸುತ್ತಿಹೋಗುವಂತೆ ತೋಡಿದ ಚರಂಡಿಯಲ್ಲಿ ಮೊದಲನೆಯದನ್ನು ಎಳೆದಾಯಿತು. ಎರಡನೆಯದಕ್ಕೆ ಕಂಟ್ರಾಕ್ಟರ್ ತಂದದ್ದು ಬ್ರಹ್ಮಾವರದ ಗೇರುಬೀಜ ಕಾರ್ಖಾನೆಯ ಕೆಲಸದಲ್ಲಿ ಉಳಿದ ತುಂಡು. ಮೊದಲನೆಯದರ ಅರ್ಧ ಉದ್ದವೂ ಇರಲಿಲ್ಲ. ಇದನ್ನು ಅಂಗಳದ ಅಡಿಯಿಂದ ನೇರ ಎಳೆದುಬಿಡಿ ಎಂದ.

ಶೀನಣ್ಣ ಕೈಯಲ್ಲಿದ್ದ ಕಟ್ಟರ್ ಕೆಳಗಿಟ್ಟ.

"ಎರಡೂ ಒಂದೇ ಉದ್ದ ಇರ್ಕ್, ಧಣಿ. ಗಿಡ್ಡದ್ರಗೇ ಜಾಸ್ತಿ ಕರೆಂಟ್ ಹೋತ್ತ್. ಅದ್ ಸುಟ್ ಹೋತ್ತ್."

ಕಂಟ್ರಾಕ್ಟರ್ ನನ್ನ ಕಡೆ ತಿರುಗಿ, ಓದಿದವರು ನೀವು, ಹೇಳಿ ಎಂದ. ನನಗೆ ಗೊತ್ತಿತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಎಂಬುದೂ ಗೊತ್ತಿತ್ತು. ಸದ್ಯಕ್ಕೆ ನಡೆಯಬಹುದು ಎಂದೆ. ಶೀನಣ್ಣ ಈ ಸಲ ಕೆಮ್ಮಲಿಲ್ಲ. ನನ್ನ ಮುಖ ನೋಡಿದ, ಕಟ್ಟರ್ ಎತ್ತಿಕೊಂಡು ಆ ತುಂಡನ್ನು ನೇರ ಎಳೆದ.

ಮಳೆ ಕಳೆದು ದೋಣಿಗಳು ಕಡಲಿಗಿಳಿದವು. ಮೀನು ಬಿದ್ದ ಮೊದಲ ವಾರ ಪ್ಲಾಂಟಿನ ಯಂತ್ರಗಳೆಲ್ಲ ಒಟ್ಟಿಗೆ ಓಡಿದವು. ಗಿಡ್ಡ ಕೇಬಲ್ ಪ್ಯಾನೆಲ್‌ಗೆ ಸೇರುವಲ್ಲಿ ಹೊಗೆ ಬಂತೆಂದು ಫೋನ್ ಬಂತು. ಕಂಟ್ರಾಕ್ಟರ್ ಕಳಿಸಿದ್ದು ಶೀನಣ್ಣನನ್ನೇ. ಅವನು ಸ್ವಿಚ್ಚು ಇಳಿಸಲು ಕೈಹಾಕುವುದಕ್ಕೂ ಒಳಗೆ ಬೆಂಕಿ ಸಿಡಿಯುವುದಕ್ಕೂ ಸರಿಹೋಯಿತು. ಬಲಗೈಯ ಮೂರು ಬೆರಳು ಮತ್ತೆ ಮಡಚಲು ಬರಲಿಲ್ಲ. ಪ್ಲಾಂಟು ನಿಂತು, ಬುಟ್ಟಿ ಬುಟ್ಟಿ ಬಂಗುಡೆ ಕೊಳೆತು, ಮೀನು ಮಾರುವ ಹೆಂಗಸರು ಬರಿಗೈಯಲ್ಲಿ ಮನೆಗೆ ಹೋದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತದೆ. ಕೇಬಲ್ಲಿನ ತುದಿಗೆ ತೊಡಿಸುವ ಲೋಹದ ಲಗ್ಗನ್ನು ವೈರ್‌ಮನ್ ಸರಿಯಾಗಿ ಒತ್ತಿ ಕೂರಿಸಿರಲಿಲ್ಲ ಎಂದು ಕಂಟ್ರಾಕ್ಟರ್ ವರದಿ ಬರೆಸಿದ. ಇಡೀ ತಾಲೂಕಿನಲ್ಲಿ ಲಗ್ ಒತ್ತುವುದರಲ್ಲಿ ಆ ಕೈಯನ್ನು ಮೀರಿಸುವ ಕೈ ಇರಲಿಲ್ಲ. ಆ ಕೈ ಬ್ಯಾಂಡೇಜಿನಲ್ಲಿ ಮಲಗಿದ್ದಾಗ ಅದರ ಮೇಲೇ ತಪ್ಪು ಹೊರಿಸಿದರು. ಹೊರಿಸಿದರು ಅನ್ನುತ್ತಿದ್ದೇನೆ, ನೋಡಿ. ಕೆಳಗೆ ಸಹಿ ಹಾಕಿದವನು ನಾನು. ಕುಂದಾಪುರದಿಂದ ಬೈಂದೂರಿನವರೆಗೆ ಯಾವ ಕಂಟ್ರಾಕ್ಟರನೂ ಮತ್ತೆ ಶೀನಣ್ಣನನ್ನು ಕರೆಯಲಿಲ್ಲ. ನನಗೆ ಬಡ್ತಿ ಸಿಕ್ಕಿತು.

ಮದುವೆಯಿಂದ ಬಂದವನು ಬಟ್ಟೆ ಬದಲಿಸದೆ ಕೂತು ವಿದ್ಯುತ್ ಪರಿವೀಕ್ಷಕರ ಕಚೇರಿಗೆ ಒಂದು ಪತ್ರ ಬರೆದೆ. ಮರುದಿನ ಬೆಳಿಗ್ಗೆ ಅದರ ಪ್ರತಿ ಹಿಡಿದು ಬಸ್ರೂರಿಗೆ ಹೋದೆ. ಶೀನಣ್ಣ ಜಗಲಿಯಲ್ಲಿ ಎಡಗೈಯಿಂದ ಮಿಕ್ಸಿಯ ಸ್ಕ್ರೂ ತಿರುಗಿಸುತ್ತಿದ್ದ. ಬನ್ನಿ, ಕೂಕಣಿ ಎಂದ. ಐಸ್ ಪ್ಲಾಂಟಿನ ವಿಷಯ, ಕಚೇರಿಗೆ ಬರೆದದ್ದು ಎಂದು ನಾನು ಕೂರದೆ ಕಾಗದ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ನೀವೇ ಓದಿ. ಗಟ್ಟಿ ಓದಿ. ಒಳ್ಗ್ ಮಗಳ್ ಇತ್ತ್. ಅಪ್ಪನ ಕೈ ಸರಿ ಇಲ್ಲೆ ಅಂತ ಊರವ್ರ್ ಹೇಳದ್ದನ್ನ ಕೇಂಡೇ ಬೆಳ್ದದ್ ಅದ್."

ನಿಂತೇ ಓದಿದೆ. ಶೀನಪ್ಪನವರ ಕೆಲಸದಲ್ಲಿ ದೋಷವಿರಲಿಲ್ಲ, ಉದ್ದ ಸಮನಿಲ್ಲದ ಕೇಬಲ್ ಹಾಕಬಾರದೆಂದು ಅವರು ಮೊದಲೇ ಹೇಳಿದ್ದರು, ತಿಳಿದೂ ನಾನು ಸುಳ್ಳಿಗೆ ಸಹಿ ಹಾಕಿದೆ ಎಂಬ ಕೊನೆಯ ಸಾಲಿಗೆ ಬಂದಾಗ ನನ್ನ ಸ್ವರ ಸಣ್ಣದಾಯಿತು. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತಳು.

ಶೀನಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಕಡೀ ಸಾಲ್ ಸಮ ಕೇಂತಿಲ್ಲೆ," ಎಂದ. "ಇನ್ನೊಂದ್ ಸಲ ಓದಿ."

ಓದಿದೆ.