ಕಡ್ಲೆಕಾಳಷ್ಟು ಮುಲಾಮು

ವಿದ್ಯಾನಗರದ ಆ ಔಷಧಿ ಅಂಗಡಿಯಾತನಿಗೆ ನಲವತ್ತು ಹತ್ತಿರವಾಗಿದ್ದರೂ ಮದುವೆಯಾಗಿರಲಿಲ್ಲ. ಮೊಡವೆಗೆಂದು ಡಾಕ್ಟರು ಬರೆದುಕೊಟ್ಟ ರೆಟಿನಾಯ್ಡ್ ಮುಲಾಮನ್ನು ಕೊಡುವಾಗ ಬೆರಳ ತುದಿಯನ್ನು ನನ್ನ ಮೂಗಿನ ಮುಂದೆ ಹಿಡಿದ.

"ರಾತ್ರಿಗೆ ಕಡ್ಲೆಕಾಳಷ್ಟು ಸಾಕ್ರಿ, ಇಡೀ ಮುಖಕ್ಕೆ. ದೋಸೆಗೆ ಬೆಣ್ಣೆ ಸುರಿದಂಗೆ ಮೆತ್ಕಬ್ಯಾಡ್ರಿ."

ಎಲ್ಲ ಗಿರಾಕಿಗಳಿಗೂ ಇದೇ ಉಪದೇಶ. ಹರಿಹರಕ್ಕೆ ಹೆಣ್ಣು ನೋಡಲು ಹೋಗುವ ವಾರ ಮಾತ್ರ, ಸುಕ್ಕಿಗೂ ಆಗುವ ಅದೇ ಮುಲಾಮನ್ನು, ಬೇಗ ಗುಣ ಕಾಣಲೆಂದು, ತಾನೇ ದಿನಾ ರಾತ್ರಿ ಬೆಣ್ಣೆಯಂತೆ ಮೆತ್ತಿಕೊಂಡ. ಹೊರಡುವ ದಿನ ಮುಖ ಕೆಂಪಾಗಿ, ಈರುಳ್ಳಿಯಂತೆ ಸಿಪ್ಪೆ ಏಳುತ್ತಿತ್ತು.

ಬಂದ ಮೇಲೆ ಕೇಳಿದೆ: "ಹುಡುಗಿ ಏನಂದ್ಲು ರೀ?"

"ಮುಖ ನೋಡಿದಾಕಿನೇ, ಮುಲಾಮು ಎಷ್ಟು ಹಚ್ಚಿದ್ರಿ ಅಂದ್ಲು. ಕಡ್ಲೆಕಾಳಷ್ಟು ಅಂದೆ. ನಕ್ಕುಬಿಟ್ಲು ರೀ."

ನಕ್ಕವಳೇ ಮದುವೆಯೂ ಆದಳು. ಈಗ ಅಂಗಡಿಯಲ್ಲಿ ಮುಲಾಮು ಕೊಡುವುದು ಆಕೆ. ಉಪದೇಶ ಮಾಡುವುದಿಲ್ಲ, ಬೆರಳನ್ನೂ ತೋರಿಸುವುದಿಲ್ಲ. ಹೆಣ್ಣು ನೋಡಲು ಬಂದ ದಿನದ ಗಂಡನ ಫೋಟೊ ತೋರಿಸುತ್ತಾಳೆ.