ಎರಡನೇ ಅಂಕದಲ್ಲಿ ಕೂತ ಗಂಟಲು

ನನ್ನ ಗಂಟಲು ಕೂತದ್ದು ಉಪ್ಸಾರಿಗೆ ಖಾರ ಅರೆಯುತ್ತಿದ್ದಾಗ.

ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಹಾಳೆ, ಕಿವಿಯ ಮೇಲೆ ಪೆನ್ಸಿಲ್ಲು. "ಒಂಚೂರು ಉಪ್ಪು ನೋಡೇ" ಅಂದರು. ನಮ್ಮ ಮನೆಯಲ್ಲಿ ಈ ಮಾತಿಗೂ ಸಾರಿಗೂ ಸಂಬಂಧವಿಲ್ಲ. ಇವರು ಬರೆದ ಮಾತನ್ನು ನಾನು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ನನ್ನ ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಇವರು ಗೆರೆ ಹಾಕಿಕೊಂಡು ಹೋಗಿ ತಿದ್ದುತ್ತಾರೆ.

ಮದುವೆಯಾದ ಹೊಸದರಲ್ಲಿ ಶುರುವಾದದ್ದು ಇದು. ಇವರು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ನಾನು ಚಿಂತಾಮಣಿ ಕಡೆಯವಳು, ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಇವರ ಮೊದಲ ನಾಟಕದಲ್ಲಿ ಒಬ್ಬ ಹೆಂಗಸು ಗಂಡನಿಗೆ "ನಾನು ತಮ್ಮನ್ನು ಎಂದಿಗೂ ಕ್ಷಮಿಸಲಾರೆ" ಅನ್ನುತ್ತಿದ್ದಳು. ಓದಿ ನಕ್ಕುಬಿಟ್ಟೆ. ಕ್ಷಮಿಸದವಳು ಹಂಗೆಲ್ಲ ಹೇಳ್ತಾ ಕೂರ್ತಾಳೇನ್ರೀ, ಅನ್ನ ಬಡಿಸಿ ಮಾತಾಡದೆ ಎದ್ದು ಹೋಗ್ತಾಳೆ ಅಂದೆ. ಇವರು ಒಂದು ಗಳಿಗೆ ಸಿಟ್ಟಾದರು. ಆಮೇಲೆ ಅದನ್ನೇ ಬರೆದರು. ಆ ದೃಶ್ಯಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ನಾನು ನೋಡಲಿಲ್ಲ, ಸುಮ ಹೊಟ್ಟೆಯಲ್ಲಿದ್ದಳು.

ಅಲ್ಲಿಂದ ಇವರು ಬರೆದ ಒಂದೊಂದು ಮಾತೂ ನನ್ನ ಬಾಯಿಂದ ಹಾದುಹೋಗಿದೆ. ರಾಜರು, ಕಳ್ಳರು, ಪೊಲೀಸಿನವರು, ಎಲ್ಲರೂ ಒಗ್ಗರಣೆ ಹೊಗೆಯಲ್ಲಿ ಒಂದು ಸಲ ಮಾತಾಡಿಯೇ ರಂಗಕ್ಕೆ ಹೋದವರು. ಪುಸ್ತಕಗಳ ಮುನ್ನುಡಿಯಲ್ಲಿ ಮಾತ್ರ ನಾನು "ಹೊತ್ತು ಹೊತ್ತಿಗೆ ಕಾಫಿ ಕೊಟ್ಟ ಮಡದಿ". ಸುಳ್ಳೇನಲ್ಲ, ಕಾಫಿಯನ್ನೂ ಕೊಟ್ಟಿದ್ದೇನೆ.

ಆವತ್ತು ತಂದದ್ದು ಮುದುಕಿಯ ನಾಟಕ. ಎರಡನೇ ಅಂಕದಲ್ಲಿ ಮುನಿಯಮ್ಮ ಅನ್ನುವ ಮುದುಕಿ ಮಗನಿಗೆ ಹೇಳುವ ಮಾತು: "ನೀರು ಸೇದಿ ಸೇದಿ ಹಗ್ಗ ಸವೀತು ಅಂತೀಯಲ್ಲಪ್ಪ, ನಾನು ಸವೀಲಿಲ್ವಾ?" ಕೈಯೆಲ್ಲ ಖಾರ ಮಾಡಿಕೊಂಡು ಹೇಳಿದೆ. "ಸವೀಲಿಲ್ವಾ" ಅನ್ನುವಲ್ಲಿ ದನಿ ಒಡೆದು ಬರೀ ಗಾಳಿ ಬಂತು.

ಇವರ ಮುಖ ಅರಳಿಬಿಟ್ಟಿತು. "ಇದೇ ಕಣೇ. ಇದೇ ದನಿ. ಇನ್ನೊಂದ್ಸಲ ಹೇಳು."

ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದೆ. ಮತ್ತೆ ಹಾಗೇ ಒಡೆಯಿತು. ಇಷ್ಟು ವರ್ಷ ನನ್ನೊಳಗೆ ಇಂಥ ನಟಿ ಎಲ್ಲಿ ಅಡಗಿದ್ದಳು ಅಂತ ಇವರು ಕೇಳಿದರು. ಖಾರದ ಘಾಟು ಅಂದುಕೊಂಡೆ ನಾನು. ಆದರೂ ಹೇಳಲಿಲ್ಲ. ಹೊಗಳಿಕೆ ಸಿಕ್ಕಿತ್ತು, ಯಾರು ಬೇಡ ಅಂತಾರೆ?

ಘಾಟು ಇಳಿಯಲಿಲ್ಲ. ಮೆಣಸಿನ ಹಾಲು ಕುಡಿದೆ. ಜೇಷ್ಠಮಧು ಅಗಿದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ. ಇವರು ಅದನ್ನು ನೋಡಿ, ನಾಟಕ ಮುಗಿಯೋವರೆಗೂ ಸರಿಮಾಡ್ಕೋಬೇಡ ಮಾರಾಯ್ತಿ ಅಂತ ತಮಾಷೆ ಮಾಡಿದರು. ನಾನೂ ನಕ್ಕೆ. ಮುನಿಯಮ್ಮನ ಪಾರ್ಟು ಮಾಡುವ ಗಿರಿಜಾ ಶಿಡ್ಲಘಟ್ಟದಲ್ಲಿ ಸ್ಕೂಲ್ ಟೀಚರು. ಭಾನುವಾರ ಭಾನುವಾರ ಬಸ್ಸು ಹತ್ತಿ ಬಂದು ನನ್ನ ಮುಂದೆ ಕೂತು ಆ ದನಿ ಕಲಿತಳು. ಎಲ್ಲಿ ಉಸಿರು ಜಾರುತ್ತೆ, ಎಲ್ಲಿ ಮಾತು ಅರ್ಧಕ್ಕೆ ನಿಲ್ಲುತ್ತೆ, ಎಲ್ಲ ನೋಡಿಕೊಂಡಳು. ಜಾಣೆ ಹುಡುಗಿ. ಅಮ್ಮಾ, ಇದನ್ನ ಹೇಗೆ ಮಾಡ್ತೀರಾ ಅಂತ ಒಂದು ಸಲ ಕೇಳಿದಳು. ನಾನೇನು ಹೇಳಲಿ? ಅದಾಗೇ ಬರ್ತಿತ್ತು.

ನಾಟಕ ಬೆಂಗಳೂರಿನಲ್ಲಿ ಗೆದ್ದಿತು. ಪೇಪರಿನವರು ಕತೆಗಿಂತ ಆ ದನಿಯ ಬಗ್ಗೆಯೇ ಜಾಸ್ತಿ ಬರೆದರು. ಇವರಿಗೆ ಹಾರದ ಮೇಲೆ ಹಾರ. ಮನೆಗೆ ಬಂದವರಿಗೆಲ್ಲ ನಾನು ಸನ್ನೆಯಲ್ಲೇ ಕಾಫಿ ಬೇಕಾ ಅಂತ ಕೇಳುವ ಹಾಗಾಗಿತ್ತು. ಮೇಷ್ಟ್ರ ಹೆಂಡತಿ ಮಿತಭಾಷಿ ಅಂತ ಊರೆಲ್ಲ ಹೆಸರಾಯಿತು.

ಮೇಲೂರಿನಲ್ಲಿ ಅಕ್ಕನ ಮನೆ. ಅವರದು ರೇಷ್ಮೆ ಕೆಲಸ, ಮನೆಗಿಂತ ಹುಳದ ಮನೆಯೇ ದೊಡ್ಡದು. ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಹೋದಾಗ ಅಮ್ಮನ ಅಡ್ಡಿಕೆಯನ್ನು ನಾನೇ ಹಾಕಿಕೊಳ್ಳಬೇಕು ಅಂತ ಅಕ್ಕ ಹಟ ಮಾಡಿದಳು. ಕುತ್ತಿಗೆಗೆ ಅಂಟಿ ಕೂರುವ ಆ ಕೆಂಪಿನ ಅಡ್ಡಿಕೆ ಹಿಂದಿನ ವರ್ಷದ ಮದುವೆಯಲ್ಲಿ ನನಗೆ ಸಡಿಲವಾಗಿತ್ತು. ಈಗ ಕೊಂಡಿ ಕೂಡಲೇ ಇಲ್ಲ. ಅಕ್ಕ ಹಿಂದಿನಿಂದ ಎಳೆದಳು, ಉಸಿರು ಕಟ್ಟಿತು. ಮುಂದೆ ಬಂದು ಕುತ್ತಿಗೆ ಮುಟ್ಟಿ ನೋಡಿದಳು. ಸೊಪ್ಪು ಕತ್ತರಿಸಿ ಒರಟಾದ ಬೆರಳು ಒಂದೇ ಕಡೆ ನಿಂತಿತು.

"ಗೊಂತುಲೋ ಏಮೇ ಇದಿ?" ಅಂದಳು. ಗಂಟಲಲ್ಲಿ ಏನೇ ಇದು.

ಅಡ್ಡಿಕೆಗೆ ದಾರ ಕಟ್ಟಿ ಹೇಗೋ ಹಾಕಿಕೊಂಡೆ. ಹೋಳಿಗೆ ಬಡಿಸಿದೆ. ಮಾರನೇ ದಿನ ಅಕ್ಕನೇ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದು, ಇವರ ಮುಂದೆ ಕೂರಿಸಿ, ಡಾಕ್ಟರ ಹತ್ತಿರ ಹೋಗೋವರೆಗೂ ಇಲ್ಲಿಂದ ಏಳಲ್ಲ ಮೇಷ್ಟ್ರೇ ಅಂದಳು.

ನಮ್ಮೂರ ಡಾಕ್ಟರು ವಯಸ್ಸಾದವರು. ಒಂದು ಗುಟುಕು ನೀರು ನುಂಗಿಸಿದರು. ಗಂಟು ಮೇಲೆ ಹೋಗಿ ಕೆಳಗಿಳಿಯಿತು. ಥೈರಾಯ್ಡ್ ಅಂದರು. ತಕ್ಷಣ ಬೆಂಗಳೂರಿಗೆ ಹೋಗಿ ಅಂದರು. ಆ "ತಕ್ಷಣ" ಕೇಳಿ ನನಗೆ ಹೆದರಿಕೆಯಾಗಲಿಲ್ಲ, ಯಾಕೋ ಸುಸ್ತಾಯಿತು. ಇನ್ನು ಬಸ್ಸು ಹತ್ತಬೇಕಲ್ಲ ಅನ್ನಿಸಿತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇ.ಎನ್.ಟಿ. ಡಾಕ್ಟರು ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು, ಬಾಯೊಳಗೆ ಕನ್ನಡಿ ಇಟ್ಟು, ಈ ಅನ್ನಿ ಅಂದರು. ನಾಲಿಗೆ ಅವರ ಕೈಯಲ್ಲಿ, ಈ ಎಲ್ಲಿಂದ ಬರಬೇಕು? ಕಣ್ಣಲ್ಲಿ ನೀರು ಬಂತು. ಆಮೇಲೆ ಕೈ ತೊಳೆದುಕೊಳ್ಳುತ್ತಾ ಇವರನ್ನು ಕೇಳಿದರು.

"ದನಿ ಯಾವಾಗಿಂದ ಹೀಗಿದೆ?"

ಇವರು ಯೋಚನೆಯನ್ನೇ ಮಾಡಲಿಲ್ಲ.

"ಎರಡನೇ ಅಂಕದಿಂದ."

ಡಾಕ್ಟರು ನಲ್ಲಿ ನಿಲ್ಲಿಸಿ ತಿರುಗಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಇವರಿಗೂ ಆಯಿತು, ಮಾತು ಬಾಯಿಂದ ಬಿದ್ದ ಮೇಲೆ. ಎಂಟು ತಿಂಗಳಾಗಿರಬಹುದು ಸಾರ್ ಅಂತ ತಿದ್ದಿ ಹೇಳಿದರು. ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಡಾಕ್ಟರು ಕೇಳಿದರು. ನಾಡಿಗೆಲ್ಲ ಮಾತು ಬರೆದುಕೊಟ್ಟ ಮನುಷ್ಯ ಅಂಗಿ ಗುಂಡಿ ತಿರುಗಿಸುತ್ತಾ ಕೂತಿದ್ದರು. ಅಯ್ಯೋ ಪಾಪ ಅನ್ನಿಸಿತು. ಮರುಗಳಿಗೆಗೇ ಸಿಟ್ಟು ಬಂದು ಮುಖ ತಿರುಗಿಸಿಕೊಂಡೆ.

ಸೂಜಿ ಚುಚ್ಚಿ ಟೆಸ್ಟ್ ಮಾಡಿದರು. ಸ್ಕ್ಯಾನ್ ಮಾಡಿದರು.

ಕ್ಯಾನ್ಸರ್.

ಆಪರೇಷನ್ನಿಗೆ ಸೇರಿಸಿಕೊಂಡರು. ನನ್ನನ್ನು ನೋಡಲು ಬಂದವರೆಲ್ಲ ನಿಜವಾಗಿ ಇವರನ್ನು ನೋಡಲು ಬಂದವರು. ನನ್ನ ಮಂಚದ ತುದಿಯಲ್ಲಿ ಕೂತು ಮುಂದಿನ ನಾಟಕ ಯಾವುದು ಸಾರ್ ಅನ್ನುತ್ತಿದ್ದರು. ಒಬ್ಬರಂತೂ ನನ್ನ ಕಾಲಿನ ಮೇಲೇ ಕೂತರು. ಒಬ್ಬಳು ನರ್ಸು ಇವರ ಕೈಲಿ ಆಟೋಗ್ರಾಫ್ ಹಾಕಿಸಿಕೊಂಡಳು, ಮತ್ತೆ ನನ್ನ ಕಡೆ ತಿರುಗಿ, ನಿಮ್ಮ ಹೆಸರೇನಮ್ಮ ಅಂದಳು. ನಾಗರತ್ನ ಅಂತ ಹೇಳಿದೆ. ಕೇಳಿಸಲಿಲ್ಲ ಅವಳಿಗೆ. ಇವರು ಹೇಳಿದರು.

ಆಪರೇಷನ್ ಆಗಿ ಎಚ್ಚರವಾದಾಗ ಕುತ್ತಿಗೆ ನನ್ನದಲ್ಲ ಅನ್ನಿಸಿತು. ಸರ್ಜನ್ ಬಂದು ಮಂಚದ ಪಕ್ಕದಲ್ಲಿ ನಿಂತರು. ಒಳ್ಳೆಯ ಮನುಷ್ಯ, ಇವರಿಗಲ್ಲ, ನನಗೆ ಹೇಳಿದರು.

"ಗಡ್ಡೆ ಪೂರ್ತಿ ತೆಗೆದಿದ್ದೀವಮ್ಮ. ಆದ್ರೆ ದನಿಯ ನರಕ್ಕೆ ಅಂಟ್ಕೊಂಡಿತ್ತು, ಆ ನರ ಉಳಿಸೋಕಾಗ್ಲಿಲ್ಲ. ಪಿಸುಮಾತಿಗೆ ತೊಂದರೆ ಇಲ್ಲ. ಮೊದಲಿನ ದನಿ ಬರಲ್ಲ."

ಸ್ವಲ್ಪ ಮುಂಚೆ ಬಂದಿದ್ದರೆ ಅಂತ ಶುರುಮಾಡಿ, ಇವರ ಕಡೆ ನೋಡಿ, ನಿಲ್ಲಿಸಿದರು.

ಜೀವ ಉಳಿಯಿತಲ್ಲ ಅಂತ ಎಲ್ಲರೂ ಹೇಳಿದರು. ಉಳಿಯಿತು, ಇಲ್ಲ ಅನ್ನುವುದಿಲ್ಲ. ಆದರೆ ಮನೆಗೆ ಬಂದ ಮೇಲೆ ತಿಳಿಯಿತು, ದನಿಯಿಲ್ಲದೆ ಒಂದು ಮನೆ ನಡೆಸುವುದು ಎಷ್ಟು ಆಯಾಸ ಅಂತ. ಸೊಪ್ಪಿನವಳನ್ನು ಕೂಗಲಾರೆ, ಬಾಗಿಲಿಗೆ ಹೋಗುವಷ್ಟರಲ್ಲಿ ಅವಳು ಬೀದಿ ದಾಟಿರುತ್ತಾಳೆ. ಹಾಲು ಉಕ್ಕಿದರೆ ಯಾರನ್ನೂ ಕರೆಯಲಾರೆ. ನೀರು ಕುಡಿದರೆ ನೆತ್ತಿಗೇರುತ್ತದೆ, ಗದ್ದ ಎದೆಗೆ ಒತ್ತಿ ಗುಟುಕು ಗುಟುಕಾಗಿ ನುಂಗಬೇಕು. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಅದು ಸಾಯುವ ತನಕ. ದನಿಗೆ ವ್ಯಾಯಾಮ ಅಂತ ಗೋಡೆಗೆ ಎರಡೂ ಕೈ ಕೊಟ್ಟು ತಳ್ಳುತ್ತಾ ಆ ಆ ಅನ್ನಬೇಕು. ಹಿತ್ತಲ ಗೋಡೆ ತಳ್ಳುತ್ತಿದ್ದರೆ ಪಕ್ಕದ ಮನೆಯವರು, ಬಿದ್ದೀತು ಕಣ್ರೀ ನಾಗರತ್ನಮ್ಮ ಅಂತ ನಗುತ್ತಿದ್ದರು. ಬೀಳಲಿ ಅಂತ ಸನ್ನೆ ಮಾಡುತ್ತಿದ್ದೆ.

ಮಗಳು ಸುಮ ಗೌರಿಬಿದನೂರಿಗೆ ಕೊಟ್ಟವಳು. ಪಕ್ಕದ ಮನೆಗೆ ಫೋನು ಮಾಡಿ ನನ್ನನ್ನು ಕರೆಸಿದಳು. ರಿಸೀವರ್ ಹಿಡಿದು ಇದ್ದ ಶಕ್ತಿಯೆಲ್ಲ ಹಾಕಿ ಸುಮಾ ಅಂದೆ. ಆ ಕಡೆಯಿಂದ ಹಲೋ ಹಲೋ ಅಂದಳು. ಮತ್ತೆ ಅಂದೆ. ಲೈನ್ ಸರಿ ಇಲ್ಲ ಅಂತ ಯಾರಿಗೋ ಹೇಳುವುದು ಕೇಳಿಸಿತು.

ಇಟ್ಟುಬಿಟ್ಟಳು.

ಆವತ್ತು ಅತ್ತುಬಿಟ್ಟೆ. ಅಳುವುದಕ್ಕೂ ದನಿ ಬೇಕು ಅಂತ ಆಗ ಗೊತ್ತಾಯಿತು.

ಇವರು ಗಂಜಿ ಕಾಯಿಸುವುದು ಕಲಿತರು. ಗಂಟು ಗಂಟಾಗಿರುತ್ತಿತ್ತು, ಕುಡಿದೆ. ಬರೆಯುವುದು ನಿಂತುಹೋಗಿತ್ತು. ಒಂದು ದಿನ ಮಾತ್ರ ಅಭ್ಯಾಸಬಲದಿಂದ ಹಾಳೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು. "ಉಪ್ಪು..." ಅಂದವರು ಅಲ್ಲೇ ನಿಂತರು. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ವಾಪಸ್ ಹೋದರು. ಪ್ರಸಿದ್ಧ ನಾಟಕಕಾರರು ಮೌನಕ್ಕೆ ಜಾರಿದ್ದಾರೆ ಅಂತ ಜನ ಮಾತಾಡಿಕೊಂಡರು. ಯಾರ ಮೌನವೋ, ಯಾರ ಹೆಸರಿಗೋ.

ಮುದುಕಿಯ ನಾಟಕ ಮಾತ್ರ ನಿಲ್ಲಲಿಲ್ಲ. ಚಿಂತಾಮಣಿಯಲ್ಲಿ ಆಡುತ್ತೇವೆ ಅಂತ ಗಿರಿಜಾ ಬಂದು ಕರೆದಳು. ತವರಿನ ಕಡೆ, ಅಕ್ಕನೂ ಬರುತ್ತಾಳೆ. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಹೋದೆ. ಆ ನಾಟಕವನ್ನು ರಂಗದ ಮೇಲೆ ನಾನು ನೋಡಿದ್ದು ಅದೇ ಮೊದಲು.

ಎರಡನೇ ಅಂಕ. ಗಿರಿಜಾ ಬಾವಿಕಟ್ಟೆಯ ಮೇಲೆ ಕೂತಳು. ನಾನು ಸವೀಲಿಲ್ವಾ, ಅಂದಳು.

ನನ್ನ ದನಿ. ಖಾರ ಅರೆಯುತ್ತಿದ್ದ ದಿನದ್ದು. ಆ ಒಡಕು, ಜಾರಿದ ಉಸಿರು, ಹಾಗೆಯೇ, ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ. ಗಡ್ಡೆ ನನ್ನ ನರವನ್ನು ಹಿಡಿದುಕೊಳ್ಳುತ್ತಿದ್ದ ಸದ್ದಿಗೆ ಸಭೆಯೆಲ್ಲ ಮೂಗೊರೆಸಿಕೊಳ್ಳುತ್ತಿತ್ತು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಇದಿ ನೀ ಗೊಂತೇ ಕದೇ" ಅಂದಳು. ಇದು ನಿನ್ನ ಗಂಟಲೇ ಅಲ್ವೇನೇ. ಜನ ಚಪ್ಪಾಳೆ ತಟ್ಟಿದರು. ಇವರು ತಟ್ಟಲಿಲ್ಲ, ತಲೆ ತಗ್ಗಿಸಿದ್ದರು.

ಮಾರನೇ ಬೆಳಗ್ಗೆ ಕಾಫಿ ಲೋಟ ಮುಂದಿಟ್ಟು, ಹತ್ತಿರ ಕೂತು ಹೇಳಿದೆ. ಹತ್ತಿರ ಕೂರದಿದ್ದರೆ ಕೇಳಿಸುವುದಿಲ್ಲವಲ್ಲ.

"ಆ ದನಿ ತೆಗೆಸಿ."

ಇವರು ಎತ್ತಿದ ಲೋಟ ಕೆಳಗಿಟ್ಟರು. "ನಾಟಕ ಅದರ ಮೇಲೇ ನಿಂತಿದೆ ಕಣೇ" ಅಂದರು.

"ನಿಂತಿರೋದು ನನ್ನ ಕಾಯಿಲೆ ಮೇಲೆ. ಅದು ನಂದು ಕಣ್ರೀ. ಗಿರಿಜಾ ಅವಳ ಗಂಟಲಲ್ಲಿ ಹೇಳ್ಲಿ."

ಇಷ್ಟು ವರ್ಷ ನಾನು ಎಷ್ಟೋ ಮಾತು ತಿದ್ದಿಸಿದ್ದೇನೆ, ಎಲ್ಲವೂ ನಾಟಕ ಚೆನ್ನಾಗಿರಲಿ ಅಂತ. ನನಗೋಸ್ಕರ ಅಂತ ಕೇಳಿದ್ದು ಇದೊಂದೇ. ಇವರು ಕಾಫಿ ಮುಗಿಸಲಿಲ್ಲ. ಅಂಗಿ ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದರು. ಅಲ್ಲಿ ಗಿರಿಜಾಗೆ, ಉಳಿದ ನಟರಿಗೆ, ಯಾಕೆ ಏನು ಅಂತ ಎಲ್ಲ ಹೇಳಿದರಂತೆ. ಸಂಜೆ ಗಿರಿಜಾ ಬಂದು ನನ್ನ ಕೈ ಹಿಡಿದು ಅತ್ತಳು. ಪಾಪ, ಅವಳದೇನು ತಪ್ಪು? ನಾನೇ ಕೂರಿಸಿ ಕಲಿಸಿದ್ದಲ್ಲವೇ.

ಮುಂದಿನ ಆಟದಲ್ಲಿ ಅವಳು ಮುನಿಯಮ್ಮನ ಮಾತನ್ನು ತನ್ನದೇ ತಿಳಿ ದನಿಯಲ್ಲಿ ಹೇಳಿದಳು. ಪೇಪರಿನಲ್ಲಿ, ಮುದುಕಿಯ ದನಿಯಲ್ಲಿ ಮೊದಲಿನ ನೋವಿಲ್ಲ ಅಂತ ಬಂತು. ಇವರು ಅದನ್ನು ಗಟ್ಟಿಯಾಗಿ ಓದಿ, ನಾನು ಏನಂತೀನೋ ಅಂತ ಕಾದರು. ನನಗೆ ನಗು ಬಂತು. ಸೈಕಲ್ ಪಂಪಿನ ಹಾಗೆ ಬುಸ್ ಬುಸ್ ಅಂತ ನಕ್ಕೆ. ನೋವು ಇಲ್ಲಿಗೆ ಬಂದಿದೆ ಅಂತ ಕುತ್ತಿಗೆ ಮುಟ್ಟಿ ತೋರಿಸಿದೆ. ಇವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ಚೆಕಪ್ಪಿಗೆ ಹೋಗಿಬಂದಿದ್ದೇವೆ. ಸದ್ಯಕ್ಕೆ ಏನೂ ಇಲ್ಲ ಅಂದಿದ್ದಾರೆ. ಸದ್ಯಕ್ಕೆ ಅನ್ನುವ ಮಾತನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ, ಜಾಸ್ತಿ ಬಿಡಿಸಿ ನೋಡುವುದಿಲ್ಲ. ಗೋಡೆ ತಳ್ಳಿ ತಳ್ಳಿ ಒಂದಿಷ್ಟು ದನಿ ಬಂದಿದೆ. ಸುಮ ಈಗ ಫೋನು ಇಟ್ಟುಬಿಡುವುದಿಲ್ಲ, ಹೂಂ ಹೇಳಮ್ಮ ಅಂತ ಕಾಯುತ್ತಾಳೆ.

ನಿನ್ನೆ ಉಪ್ಸಾರು ಮಾಡಿದೆ. ಮಾತ್ರೆಗೋ ಏನೋ ನಾಲಿಗೆಗೆ ಸರಿಯಾಗಿ ರುಚಿ ಹತ್ತುತ್ತಿಲ್ಲ. ಇವರು ಹೊರಗೆ ಹಾಳೆ ಹಿಡಿದು ತಾವೇ ಗಟ್ಟಿಯಾಗಿ ಒಂದು ಮಾತನ್ನು ಹೇಳಿಕೊಳ್ಳುತ್ತಿದ್ದರು, ತೊಡರುತ್ತಿದ್ದರು, ಮತ್ತೆ ಹೇಳುತ್ತಿದ್ದರು. ಸೌಟಿನಿಂದ ಬಾಗಿಲ ಚೌಕಟ್ಟು ಬಡಿದು ಕರೆದೆ. ಬಂದರು. ಇವರ ಅಂಗೈ ಮೇಲೆ ನಾಲ್ಕು ಹನಿ ಸಾರು ಬಿಟ್ಟೆ.

"ಉಪ್ಪು ನೋಡಿ" ಅಂದೆ.

ಇವರು ನನ್ನ ಮುಖ ನೋಡಿದರು, ಅಂಗೈ ನೋಡಿದರು. ನೆಕ್ಕಿ, ಕಣ್ಣು ಮುಚ್ಚಿ, ಸಾವಧಾನವಾಗಿ ಯೋಚಿಸಿ, ಒಂಚೂರು ಕಮ್ಮಿ ಇದೆ ಅಂದರು.

ಹಾಕಿದೆ.