ನಿನ್ನದಾಗಬೇಕಿದ್ದ ತರಗತಿ

ಸಂಜೀವ, ನಾನು ಎರಡು ಸುಳ್ಳು ಹೇಳಿದ್ದೇನೆ. ಒಂದನ್ನು ನಿನಗೆ ಹೇಳಿದೆ. ಇನ್ನೊಂದನ್ನು ನಿನ್ನ ವಿಷಯವಾಗಿ ಹೇಳಿದೆ. ಎರಡನೆಯದು ನಿನಗೆ ಗೊತ್ತಾಗಿದೆ— ಗೊತ್ತಾದ ಕ್ಷಣದಲ್ಲಿ ನಾನು ಎದುರಿಗೇ ಇದ್ದೆ. ಮೊದಲನೆಯದು ಗೊತ್ತಿಲ್ಲವೆಂದು ಭಾವಿಸಿದ್ದೇನೆ. ಗೊತ್ತಿದ್ದರೂ ನೀನು ಹೇಳುವವನಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವದು. ನಿನ್ನೂರಾದ ವಾಮದಪದವಿನಲ್ಲಿ ಹೊಸ ಹೈಸ್ಕೂಲು ತೆರೆದಿದ್ದ ಶೆಟ್ಟರಿಗೆ ಬಿ.ಎ. ಆದ ಒಬ್ಬ ಅಧ್ಯಾಪಕ ಬೇಕಾಗಿತ್ತು. ಅರ್ಜಿ ಹಾಕಿದವರು ನಾವಿಬ್ಬರೇ. ನೀನು ಅವರ ಒಕ್ಕಲಿನವರ ಮಗ. ನನ್ನ ತಂದೆ ಅವರ ಅಕ್ಕಿಮುಡಿಗಳನ್ನು ಗಾಡಿಯಲ್ಲಿ ಪಾಣೆಮಂಗಳೂರಿಗೆ ಸಾಗಿಸುವವರು. ಶೆಟ್ಟರು ನಮ್ಮಿಬ್ಬರ ಸರ್ಟಿಫಿಕೇಟುಗಳನ್ನೂ ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದರು.

“ಒಬ್ಬನನ್ನು ತೆಗೆದುಕೊಂಡರೆ ಇನ್ನೊಬ್ಬನ ಅಪ್ಪನಿಗೆ ನಾನು ಹೇಗೆ ಮುಖ ತೋರಿಸುವುದು? ನೀವು ಅಣ್ಣತಮ್ಮಂದಿರ ಹಾಗೆ ಇದ್ದವರು. ಹೋಗಿ, ಚಾ ಕುಡಿದು, ನೀವೇ ತೀರ್ಮಾನ ಮಾಡಿ ಬನ್ನಿ.”

ಅಣ್ಣತಮ್ಮಂದಿರ ಹಾಗೆ— ಅದು ನಿಜವಾಗಿತ್ತು. ನಿನ್ನೂರಿನಲ್ಲಿ ಆಗ ಹೈಸ್ಕೂಲು ಇಲ್ಲದ ಕಾರಣ ನೀನು ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಮಲಗಿ ಮೂರು ವರ್ಷ ಓದಿದೆ. ಅಮ್ಮ ಬೀಡಿ ಕಟ್ಟುತ್ತಾ ನಮ್ಮಿಬ್ಬರಿಂದಲೂ ಪದ್ಯ ಹೇಳಿಸುತ್ತಿದ್ದಳು; ಅಕ್ಷರ ಬಾರದ ಅವಳು, ತಪ್ಪಿದಾಗ ನಮ್ಮ ಮುಖ ನೋಡಿಯೇ ಕಂಡುಹಿಡಿಯುತ್ತಿದ್ದಳು. ಮಂಗಳೂರಿನ ಹಾಸ್ಟೆಲಿನಲ್ಲಿಯೂ ನಿನ್ನದು ಒಂದೇ ಮಾತು: ನಿನ್ನೂರಿನಲ್ಲಿ ಶಾಲೆಯಾಗಬೇಕು, ಅಲ್ಲಿ ನೀನು ಇತಿಹಾಸ ಕಲಿಸಬೇಕು.

ಹೋಟೆಲಿನಲ್ಲಿ ನೀನು ಗೋಳಿಬಜೆಯ ತಟ್ಟೆಯನ್ನು ನನ್ನ ಕಡೆ ದೂಡಿ ಕೇಳಿದೆ: “ನಿನಗೆ ಬೇರೆ ಎಲ್ಲಿಯಾದರೂ ಉಂಟಾ?”

ನನ್ನ ಅಂಗಿಯ ಕಿಸೆಯಲ್ಲಿ ಮಂಗಳೂರಿನ ಒಂದು ಬ್ಯಾಂಕಿನಿಂದ ಬಂದ ಕಾಗದವಿತ್ತು. ಮೊದಲ ಸಂದರ್ಶನದಲ್ಲಿ ಉತ್ತೀರ್ಣನಾಗಿದ್ದೆ. ಎರಡನೆಯದಕ್ಕೆ ಮುಂದಿನ ತಿಂಗಳು ಬರಬೇಕೆಂದು ಕರೆದಿದ್ದರು. ನನ್ನ ಮನಸ್ಸೆಲ್ಲ ಅಲ್ಲಿತ್ತು. ಆದರೆ ಅದು ಸಿಗದೆ ಹೋದರೆ— ಎಂದು ಯೋಚಿಸಿದೆ. ಹಿಡಿದುಕೊಳ್ಳಲು ಒಂದು ಕೆಲಸವಿರಲಿ ಎಂದು ಯೋಚಿಸಿದೆ.

“ಇಲ್ಲ” ಎಂದೆ.

“ಹಾಗಾದ್ರೆ ನೀನೇ ಸೇರು ಮಾರಾಯ. ನನ್ನ ಮುಖ ಕಂಡರೆ ಮಕ್ಕಳು ಪಾಠ ಬಿಟ್ಟು ನಗ್ತಾರೆ. ನಿನ್ನ ಅಮ್ಮ ಬೀಡಿ ಕಟ್ಟಿ ಕಟ್ಟಿ ಬೆನ್ನು ಬಾಗಿಸಿಕೊಂಡಿದ್ದಾರೆ. ಅವರ ಗಂಜಿ ಉಂಡವ ನಾನು. ಬೊಂಬಾಯಿಯಲ್ಲಿ ಮಾವ ಇದ್ದಾರೆ, ನನಗೆ ಏನಾದರೂ ಆಗ್ತದೆ.”

ಇಷ್ಟು ಹೇಳಿ ನೀನು ನಕ್ಕೆ. ನಾನೂ ನಕ್ಕೆ.

ಎರಡು ವಾರಗಳಲ್ಲಿ ನೀನು ಬೊಂಬಾಯಿಗೆ ಹೋದೆ. ನಾನು ಆ ಶಾಲೆಯಲ್ಲಿ ಏಳು ವಾರ ಇದ್ದೆ. ಆ ಏಳು ವಾರಗಳ ಬಗ್ಗೆ ನಾನು ಈವರೆಗೆ ಯಾರಲ್ಲಿಯೂ ಮಾತನಾಡಿಲ್ಲ. ನೀನು ಹಾಸ್ಟೆಲಿನ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ರಾಜನಾಗಿಯೂ ದೂತನಾಗಿಯೂ ದನಿ ಬದಲಿಸಿ ಪಾಠ ಮಾಡಿ ತೋರಿಸುತ್ತಿದ್ದೆಯಲ್ಲ— ನಾನೂ ಹಾಗೆಯೇ ಮಾಡಿದೆ. ಮಕ್ಕಳು ಬೆಂಚಿನ ತುದಿಗೆ ಬಂದು ಕುಳಿತು ಕೇಳಿದರು. ಹಿಂದಿನ ಸಾಲಿನ ಒಬ್ಬಳು ಹುಡುಗಿ, “ಮಾಷ್ಟ್ರೇ, ನಾಳೆಯೂ ರಾಜನ ಸ್ವರದಲ್ಲೇ ಮಾತಾಡ್ತೀರಾ?” ಎಂದು ಕೇಳಿದಳು. ಆ ಸ್ವರ ನನ್ನದಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಡುವೆ ಒಂದು ದಿನ, ಅಮ್ಮನಿಗೆ ಜ್ವರವೆಂದು ರಜೆ ಪಡೆದು ಬ್ಯಾಂಕಿನ ಸಂದರ್ಶನಕ್ಕೆ ಹೋಗಿ ಬಂದೆ. ಕೆಲಸ ಸಿಕ್ಕಿತು. ಎದುರು ನಿಂತು ಹೇಳುವ ಧೈರ್ಯವಿಲ್ಲದೆ ರಾಜೀನಾಮೆಯನ್ನು ಅಂಚೆಯಲ್ಲಿ ಕಳುಹಿಸಿದೆ.

ಮೂರನೆಯ ದಿನ ಶೆಟ್ಟರೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಬೈಯಲಿಲ್ಲ. ಬೈದಿದ್ದರೆ— ಆದರೆ ಅವರು ಬೈಯಲಿಲ್ಲ.

“ಬ್ಯಾಂಕಿನ ಕೆಲಸವನ್ನು ಬಿಡು ಅಂತ ನಾನು ಹೇಳುವುದು ಹೇಗೆ? ಅದು ಹೋಗಲಿ. ಸಂಜೀವನ ಕಾಗದ ನಿಮ್ಮ ಮನೆಗೆ ಬರ್ತದಲ್ಲ, ಕರೆದರೆ ಬಂದಾನಾ?”

ನಿನ್ನ ಕಾರ್ಡು ಬಂದು ನಾಲ್ಕು ದಿನವಾಗಿತ್ತು. ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೇನೆ, ಹಗಲಿನಲ್ಲಿಯೂ ದೀಪ ಹಚ್ಚಿಯೇ ಬರೆಯಬೇಕು ಎಂದು ನೀನು ಬರೆದಿದ್ದೆ. “ಅಲ್ಲಿ ಇನ್ನೊಂದು ಜಾಗವಾದರೆ ತಿಳಿಸು ಮಾರಾಯ, ಮರುದಿನವೇ ಹೊರಟು ಬರ್ತೇನೆ” ಎಂಬುದು ಅದರ ಕೊನೆಯ ಸಾಲು.

ನೀನು ಬಂದರೆ ಎಲ್ಲವೂ ತಿಳಿಯುತ್ತದೆ. ಹೋಟೆಲಿನಲ್ಲಿ ‘ಇಲ್ಲ’ ಎಂದಾಗ ನನ್ನ ಕಿಸೆಯಲ್ಲಿ ಏನಿತ್ತೆಂದು ನೀನು ಲೆಕ್ಕ ಹಾಕಿಬಿಡುತ್ತೀ. ನಾನು ಯೋಚಿಸಿದ್ದು ಇಷ್ಟನ್ನೇ. ಇದರಾಚೆ ಬೇರೆ ಕಾರಣವಿರಲಿಲ್ಲ.

“ಅವನು ಬರುವುದಿಲ್ಲ ಶೆಟ್ರೇ. ಅಲ್ಲಿ ಒಳ್ಳೆಯ ಕೆಲಸವಾಗಿದೆ. ನಾನೇ ಕೇಳಿ ನೋಡಿದ್ದೇನೆ.”

ಶೆಟ್ಟರು ನಂಬಿದರು; ಬೇರೆ ಊರಿನ ಒಬ್ಬರನ್ನು ತಂದರು.

ಮುಂದೆ ನಾನು ಮೂಡುಬಿದಿರೆಯ ಶಾಖೆಗೆ ವರ್ಗವಾಗಿ ಬಂದೆ. ನೀನು ಏಳು ವರ್ಷಗಳ ಮೇಲೆ ಊರಿಗೆ ಬಂದವನು, ಬೊಂಬಾಯಿಯ ಹಲ್ವದ ಪೊಟ್ಟಣ ಹಿಡಿದುಕೊಂಡು ನನ್ನನ್ನು ನೋಡಲು ಅಲ್ಲಿಗೇ ಬಂದೆ. ಶೆಟ್ಟರೂ ಯಾವುದೋ ಕೆಲಸಕ್ಕಾಗಿ ಬಂದು ನನ್ನ ಮೇಜಿನ ಎದುರು ಕುಳಿತಿದ್ದರು. ನಿನ್ನನ್ನು ಕಂಡೊಡನೆ ಎಲ್ಲರಿಗೂ ಕೇಳುವಂತೆ ಹೇಳಿದರು: “ಓಹೋ, ಬೊಂಬಾಯಿ ಸಾಹುಕಾರ್ರು! ಊರಿನ ಮಕ್ಕಳಿಗೆ ಪಾಠ ಮಾಡು ಅಂತ ಕರೆದರೆ ಬರಲಿಲ್ಲ ನೀನು. ನಮ್ಮ ಮಣ್ಣಿನ ಗೋಡೆಯ ಶಾಲೆ ನಿನಗೆ ಸಾಕಾಗಲಿಲ್ಲ, ಅಲ್ವಾ?”

ನೀನು ನನ್ನ ಕಡೆ ನೋಡಿದೆ. ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದೆ.

“ಹೌದು ಶೆಟ್ರೇ,” ಎಂದೆ ನೀನು. “ತಪ್ಪಾಯ್ತು.”

ನೀನು ಹಲ್ವವನ್ನು ಮೇಜಿನ ಮೇಲಿಟ್ಟೆ. ಅಮ್ಮನ ಆರೋಗ್ಯ ವಿಚಾರಿಸಿದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಆ ಮೇಲೆ ನಿನ್ನ ಕಾರ್ಡು ಬಂದಿಲ್ಲ. ಇದು ಐದನೆಯ ವರ್ಷ. ಅಂಚೆಯವನು ಬರುವ ಹೊತ್ತಿಗೆ ನಾನು ಈಗಲೂ ತಲೆಯೆತ್ತಿ ಬಾಗಿಲು ನೋಡುತ್ತೇನೆ. ಬೆಳ್ತಂಗಡಿಯ ಶಾಖೆಗೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ವಾಮದಪದವಿನ ಮೇಲಾಗಿ ಹೋಗುವ ಬಸ್ಸಿನಲ್ಲಿ ಶಾಲೆ ಕಾಣುವ ಬದಿಯಲ್ಲಿಯೇ ಕುಳಿತುಕೊಳ್ಳುತ್ತೇನೆ. ಮಕ್ಕಳ ನಡುವೆ ಯಾರಾದರೂ ಎತ್ತರದವರು ನಿಂತಿದ್ದರೆ, ಅದು ನೀನೆಂದು— ಬಸ್ಸು ತಿರುವು ದಾಟುವವರೆಗೆ— ಅಂದುಕೊಳ್ಳುತ್ತೇನೆ.

ಊರಿನವರು ನೀನು ಶಾಲೆಯನ್ನು ತಿರಸ್ಕರಿಸಿದೆ ಎಂದೇ ಇಂದಿಗೂ ತಿಳಿದಿದ್ದಾರೆ. ಬರುವ ಭಾನುವಾರ ಶಾಲೆಯ ಸಮಿತಿಯವರೆಲ್ಲ ಶೆಟ್ಟರ ಚಾವಡಿಯಲ್ಲಿ ಸೇರುತ್ತಾರಂತೆ. ನಾನು ಅಲ್ಲಿಗೆ ಹೋಗಿ, ಎಲ್ಲರ ಎದುರಿಗೆ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹೇಳಿ ಬಂದ ಮೇಲೆಯೇ ಈ ಕಾಗದವನ್ನು ಅಂಚೆಗೆ ಹಾಕುವುದು. ಮೊದಲೇ ಹಾಕಿದರೆ, ನಿನಗೆ ಬರೆದಾಯಿತಲ್ಲ ಎಂಬ ಸಮಾಧಾನದಲ್ಲಿ ಹೋಗದೆಯೇ ಉಳಿದುಬಿಟ್ಟೇನು— ನನ್ನನ್ನು ನಾನು ಅಷ್ಟರಮಟ್ಟಿಗೆ ಬಲ್ಲೆ.